ಗ್ರಾಸ್ ಅಂದರೆ ಬರೀ ಹುಲ್ಲಲ್ಲ

ಲಂಡನ್ ಕಳ್ಳರ ಸೀರಿಯಲ್‌ನಲ್ಲಿ ಒಬ್ಬ ಇನ್ನೊಬ್ಬನಿಗೆ 'ಯೂ ಆರ್ ಎ ಗ್ರಾಸ್' ಅಂತ ಉಗಿದ, ಹುಲ್ಲು ಅಂತ ಯಾಕೆ ಬೈಯಬೇಕು ಅಂತ ಕೇಳಿದ್ದೀರಿ. ಬ್ರಿಟನ್ನಿನ ಆಡುಮಾತಿನಲ್ಲಿ ಗ್ರಾಸ್ ಅಂದರೆ ಜೊತೆಗಾರರ ಗುಟ್ಟನ್ನು ಪೊಲೀಸರ ಕಿವಿಗೆ ಊದುವವನು. ಕ್ರಿಯಾಪದವಾಗಿಯೂ ಬರುತ್ತದೆ: 'ಹೀ ಗ್ರಾಸ್ಡ್ ಮಿ ಅಪ್' ಅಂದರೆ 'ನನ್ನನ್ನು ಹಿಡಿದುಕೊಟ್ಟ'. ಟೀಚರ್ ಹತ್ತಿರ ಚಾಡಿ ಹೇಳುವ ಹುಡುಗನಿಗೂ ಅಲ್ಲಿ ಇದೇ ಬೈಗುಳ.

ಹುಲ್ಲು ಇಲ್ಲಿಗೆ ಹೇಗೆ ಬಂತು? ಸಾಮಾನ್ಯವಾಗಿ ಕೊಡುವ ವಿವರಣೆ ಲಂಡನ್ನಿನವರ ಪ್ರಾಸದ ಆಟ. ಪೊಲೀಸನಿಗೆ ಅವರು 'ಕಾಪರ್' ಅನ್ನುತ್ತಾರೆ. ಅದಕ್ಕೆ ಪ್ರಾಸ 'ಗ್ರಾಸ್‌ಹಾಪರ್', ಅಂದರೆ ಮಿಡತೆ. ಬಾಲ ಕತ್ತರಿಸಿದರೆ ಉಳಿಯುವುದು ಗ್ರಾಸ್. ಪೊಲೀಸನ ಆ ಹೆಸರೇ ಅವನಿಗೆ ಸುದ್ದಿ ಮುಟ್ಟಿಸುವವನಿಗೂ ಅಂಟಿಕೊಂಡಿತು ಅನ್ನುತ್ತಾರೆ. ಮಜಾ ಇದೆ ಅಲ್ವಾ? 1970ರ ದಶಕದಲ್ಲಿ ಬರ್ಟಿ ಸ್ಮಾಲ್ಸ್ ಅನ್ನುವ ಬ್ಯಾಂಕ್ ದರೋಡೆಕೋರ ತನ್ನ ಗ್ಯಾಂಗಿನವರ ವಿರುದ್ಧವೇ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಅಂಥ ದೊಡ್ಡ ಕುಳಗಳಿಗೆ 'ಸೂಪರ್‌ಗ್ರಾಸ್' ಅನ್ನುತ್ತಾರೆ.

ಅಮೆರಿಕದ ಸಿನಿಮಾ ನೋಡುವಾಗ ಹುಷಾರು, ಅಲ್ಲಿ ಗ್ರಾಸ್ ಅಂದರೆ ಜಾಸ್ತಿ ಸಲ ಗಾಂಜಾ. ಪಾರ್ಕಿನ ಬೋರ್ಡಿನಲ್ಲಿ 'ಕೀಪ್ ಆಫ್ ದ ಗ್ರಾಸ್' ಅಂತಿದ್ದರೆ ಮಾತ್ರ ಸುಮ್ನೆ ಹುಲ್ಲೇ. ತುಳಿಯಬೇಡಿ.