ಕೊಲೋಸಿಯಮ್ ಗೋಡೆಯ ತೂತು, ಪಾಂಪೆಯ ಬೀದಿ, ಅಳಿದುಹೋದ ಅದ್ಭುತಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಟಿ.ವಿ.ಯಲ್ಲಿ ರೋಮ್‌ನ ಕೊಲೋಸಿಯಮ್ ತೋರಿಸಿದಾಗ ಗೋಡೆ ತುಂಬ ತೂತುಗಳು ಕಂಡವು. ಯುದ್ಧದ ಗುಂಡಿನ ಗುರುತೇ? ಒಂದು ಮಗ್ಗುಲಿನ ಹೊರಗೋಡೆ ಪೂರ್ತಿ ಇಲ್ಲವಲ್ಲ, ಏಕೆ? (ದಾವಣಗೆರೆ)

ಉತ್ತರ: ಅದು ಗುಂಡಿನ ಗುರುತಲ್ಲ, ಕಬ್ಬಿಣ ಕಿತ್ತ ಗುರುತು. ಕ್ರಿ.ಶ. 80ರಲ್ಲಿ ಬಳಕೆಗೆ ತೆರೆದ ಈ ಕ್ರೀಡಾಂಗಣದ ಹೊರಗೋಡೆ ಟ್ರಾವರ್ಟೀನ್ ಎಂಬ ಸುಣ್ಣಕಲ್ಲಿನದು. ಅದನ್ನು ಟಿವೊಲಿಯ ಕಡೆಯಿಂದ ತಂದರು. ಹೊರಗೋಡೆಯ ಕಲ್ಲುಗಳ ನಡುವೆ ಗಾರೆ ಹಾಕಿಲ್ಲ. ಅಕ್ಕಪಕ್ಕದ ಎರಡು ಕಲ್ಲುಗಳಲ್ಲಿ ಗುಳಿ ತೋಡಿ ಕಬ್ಬಿಣದ ಕೊಂಡಿ ಕೂರಿಸಿ ಬಿಗಿದರು. ಇಂಥ ಕೆಲಸದಲ್ಲಿ ರೋಮನ್ನರು ಕೊಂಡಿಯ ಸುತ್ತ ಕರಗಿಸಿದ ಸೀಸ ಹೊಯ್ಯುತ್ತಿದ್ದರು. ಸೀಸ ಸಡಿಲಾದರೆ ನೀರು ಒಳಗಿಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಇಡೀ ಕಟ್ಟಡಕ್ಕೆ ಸುಮಾರು 300 ಟನ್ ಕಬ್ಬಿಣದ ಕೊಂಡಿ ಬಳಸಿರಬೇಕೆಂಬ ಅಂದಾಜಿದೆ.

ಸಾಮ್ರಾಜ್ಯ ಬಿದ್ದ ಮೇಲೆ ರೋಮ್‌ನಲ್ಲಿ ಹೊಸ ಕಬ್ಬಿಣಕ್ಕೆ ಬರ ಬಂತು. ಕೊಂಡಿ ಎಲ್ಲಿದೆ ಎಂದು ಜನಕ್ಕೆ ಗೊತ್ತಿತ್ತು, ಅಲ್ಲೇ ಉಳಿ ಹಾಕಿ ಕೊರೆದು ತೆಗೆದರು. ಒಂದು ಒಳ್ಳೆಯ ಫೋಟೊ ದೊಡ್ಡದು ಮಾಡಿ ನೋಡಿ. ಬಹುತೇಕ ತೂತುಗಳು ಎರಡು ಕಲ್ಲು ಕೂಡುವ ಸಂದಿನ ಮೇಲೇ ಇವೆ. ಗುಂಡು ಹಾಗೆ ಸಂದು ಹುಡುಕಿಕೊಂಡು ಬೀಳುವುದಿಲ್ಲ.

ದಕ್ಷಿಣದ ಹೊರಗೋಡೆ ಬಿದ್ದದ್ದು 1349ರ ಭೂಕಂಪದಲ್ಲಿ. ಆ ಮಗ್ಗುಲಿನ ನೆಲದಡಿ ಇರುವುದು ಹೊಳೆ ತಂದು ಹಾಕಿದ ಮೆದು ಮಣ್ಣು. ಬಿದ್ದ ಕಲ್ಲನ್ನು ಅರಮನೆಗಳಿಗೂ ಚರ್ಚುಗಳಿಗೂ ಸಾಗಿಸಿದರು, ಉಳಿದದ್ದು ಸುಣ್ಣದ ಗೂಡು ಸೇರಿತು. ರೋಮನ್ ನಗರಗಳ ಬಗ್ಗೆ ಓದುವಾಗ ಇದನ್ನು ನೆನಪಿನಲ್ಲಿಡಿ. ಅಮೃತಶಿಲೆ ಸುಟ್ಟರೆ ಸುಣ್ಣ, ಕಂಚು ಕರಗಿಸಿದರೆ ದುಡ್ಡು. ಮಳೆ ಗಾಳಿಗಿಂತ ಹೆಚ್ಚು ಹಾಳು ಮಾಡಿದ್ದು ಈ ಎರಡು ಬೆಂಕಿ. ರೋಮ್‌ನ ಹಳೆಯ ದೇವಾಲಯ ಪ್ಯಾಂಥಿಯಾನ್ ಗಟ್ಟಿಯಾಗಿ ನಿಂತಿರುವುದಕ್ಕೆ ಅದು 609ರಲ್ಲೇ ಚರ್ಚಾಯಿತು ಎಂಬುದೂ ಒಂದು ಕಾರಣ. ಆದರೂ ಅದರ ಗುಮ್ಮಟದ ಮೇಲಿನ ಕಂಚಿನ ಹೊದಿಕೆಯನ್ನು 663ರಲ್ಲಿ ಚಕ್ರವರ್ತಿ ಎರಡನೇ ಕಾನ್ಸ್ಟನ್ಸ್ ಕೀಳಿಸಿಕೊಂಡು ಹೋದ.

ಪ್ರಶ್ನೆ: ಪ್ರಾಚೀನ ಏಳು ಅದ್ಭುತಗಳಲ್ಲಿ ಗೀಝಾದ ಪಿರಮಿಡ್ ಬಿಟ್ಟರೆ ಕಣ್ಣಿಗೆ ಕಾಣುವ ಯಾವುದಾದರೂ ಉಳಿದಿದೆಯೇ? (ಕಾರವಾರ)

ಉತ್ತರ: ನಾಲ್ಕರ ಗುರುತುಗಳು ಖಂಡಿತ ಉಳಿದಿವೆ.

ಎಫೆಸಸ್‌ನ ಆರ್ಟೆಮಿಸ್ ದೇವಾಲಯದ ಜಾಗ ಟರ್ಕಿಯ ಸೆಲ್ಚುಕ್ ಊರಿನ ಅಂಚಿನಲ್ಲಿದೆ. ಜವುಗು ನೆಲದ ನಡುವೆ ಒಂದೇ ಒಂದು ಕಂಬ, ಅದೂ ಸಿಕ್ಕ ತುಂಡುಗಳನ್ನು ಪೇರಿಸಿ ನಿಲ್ಲಿಸಿದ್ದು. ಅದರ ನೆತ್ತಿಯ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಪ್ಲಿನಿ ಎಂಬ ರೋಮನ್ ಲೇಖಕ 127 ಕಂಬಗಳಿದ್ದವೆಂದು ಬರೆದಿದ್ದಾನೆ. ಜಾನ್ ಟರ್ಟಲ್ ವುಡ್ ಎಂಬ ಇಂಗ್ಲಿಷ್ ಎಂಜಿನಿಯರ್ ವರ್ಷಗಟ್ಟಲೆ ಹುಡುಕಿ 1869ರ ಕೊನೆಯಲ್ಲಿ ಸುಮಾರು 6 ಮೀಟರ್ ಆಳದಲ್ಲಿ ಇದರ ನೆಲಹಾಸು ಕಂಡುಹಿಡಿದ. ಕೆತ್ತನೆಯ ಕಂಬದ ಒಂದು ದಿಂಡು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಹಾಲಿಕಾರ್ನಾಸಸ್ ಎಂದರೆ ಟರ್ಕಿಯ ಇಂದಿನ ಬೋದ್ರುಮ್. ರಾಜ ಮೌಸೋಲಸ್‌ನ ಸಮಾಧಿ ಭೂಕಂಪಗಳಿಗೆ ಸಿಕ್ಕಿ ಕುಸಿದ ಮೇಲೆ, 15ನೇ ಶತಮಾನದಿಂದ ಅಲ್ಲಿ ಕೋಟೆ ಕಟ್ಟಿದ ಕ್ರೈಸ್ತ ಯೋಧರು ಅದರ ಕಲ್ಲುಗಳನ್ನೇ ಗೋಡೆಗೆ ಹಾಕಿದರು, ಅಮೃತಶಿಲೆಯನ್ನು ಸುಟ್ಟು ಗಾರೆ ಮಾಡಿಕೊಂಡರು. ಹಾಗಾಗಿ ಸಮಾಧಿಯ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಗುಂಡಿ ಮತ್ತು ಕಂಬದ ತುಂಡುಗಳು. ಕಲ್ಲು ನೋಡಬೇಕೆಂದರೆ ಕೋಟೆಗೆ ಹೋಗಬೇಕು. ಶಿಖರದ ಮೇಲಿದ್ದ ರಥದ ಕುದುರೆಯೊಂದರ ಮುಂಭಾಗವೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಬಾಯಿಯಲ್ಲಿ ಅಂದಿನ ಕಂಚಿನ ಕಡಿವಾಣ ಇನ್ನೂ ಹಾಗೇ ಇದೆ.

ಅಲೆಕ್ಸಾಂಡ್ರಿಯಾದ ದೀಪಸ್ತಂಭದ ಜಾಗದಲ್ಲಿ 1477ರ ಖೈತ್‌ಬೇ ಕೋಟೆ ನಿಂತಿದೆ. ಸ್ತಂಭದ ಕಲ್ಲುಗಳು ಕೋಟೆಯ ಬುಡದ ಕಡಲಿನಲ್ಲಿವೆ. 1994ರಿಂದ ಫ್ರೆಂಚ್ ಪುರಾತತ್ತ್ವಜ್ಞರು ನೀರಿಗಿಳಿದು ಅವನ್ನು ಲೆಕ್ಕಕ್ಕೆ ತಂದರು. 2025ರಲ್ಲಿ 22 ಬೃಹತ್ ಕಲ್ಲುಗಳನ್ನು ಮೇಲೆತ್ತಿದರು. ಅವುಗಳಲ್ಲಿ ಬಾಗಿಲಿನ ಚೌಕಟ್ಟಿನ ಕಲ್ಲುಗಳು 70–80 ಟನ್ ತೂಗುತ್ತವೆ.

ನಮಗೆ ಎಲ್ಲಕ್ಕಿಂತ ಹತ್ತಿರದ್ದೆನಿಸುವುದು ಗ್ರೀಸಿನ ಒಲಿಂಪಿಯಾ. ದಂತ ಮತ್ತು ಚಿನ್ನದ ಜ಼್ಯೂಸ್ ವಿಗ್ರಹ ಹೋಯಿತು, ಆದರೆ ಅದನ್ನು ಮಾಡಿದ ಫಿಡಿಯಾಸ್‌ನ ಕಾರ್ಯಾಗಾರದ ಗೋಡೆಗಳು ಉಳಿದಿವೆ. 1950ರ ದಶಕದ ಉತ್ಖನನದಲ್ಲಿ ಅಲ್ಲಿ ಸುಟ್ಟ ಮಣ್ಣಿನ ಅಚ್ಚುಗಳು, ಉಪಕರಣಗಳು ಸಿಕ್ಕವು. ಜೊತೆಗೆ ಒಂದು ಪುಟ್ಟ ಕರಿ ಲೋಟ. ಅದರ ತಳದಲ್ಲಿ ‘ನಾನು ಫಿಡಿಯಾಸ್‌ನವನು’ ಎಂದು ಗೀಚಿದೆ. ಪಕ್ಕದ ದೇವಾಲಯದ ಕಂಬಗಳು ಭೂಕಂಪಕ್ಕೆ ಉರುಳಿ, ಪೇರಿಸಿಟ್ಟ ರೊಟ್ಟಿ ಒರಗಿದಂತೆ ದಿಂಡುದಿಂಡಾಗಿ ಬಿದ್ದಿವೆ.

ರೋಡ್ಸ್‌ನ ಕಂಚಿನ ಪ್ರತಿಮೆ ಕ್ರಿ.ಪೂ. 226ರ ಸುಮಾರಿಗೆ ಮೊಣಕಾಲಲ್ಲಿ ಮುರಿದು ಬಿತ್ತು. ಅದರ ಚೂರೂ ಸಿಕ್ಕಿಲ್ಲ. ಬ್ಯಾಬಿಲೋನಿನ ತೂಗುತೋಟದ ಕಥೆ ಬೇರೆ. ಅಲ್ಲಿನ ರಾಜ ನೆಬುಕಡ್ನೆಝರ್ ತಾನು ಕಟ್ಟಿಸಿದ್ದನ್ನೆಲ್ಲ ಶಾಸನಗಳಲ್ಲಿ ಹೇಳಿಕೊಂಡಿದ್ದರೂ ತೋಟದ ಮಾತೇ ಇಲ್ಲ. ತೋಟ ಇದ್ದದ್ದು ಅಸ್ಸೀರಿಯಾದ ರಾಜಧಾನಿ ನಿನೆವೆಯಲ್ಲಿ, ರಾಜ ಸೆನ್ನಾಖೆರಿಬ್‌ನದು ಎಂಬ ವಾದವೊಂದಿದೆ. ಆತ ನೀರು ತಂದ ಕಲ್ಲಿನ ಮೇಲ್ಗಾಲುವೆ ಉತ್ತರ ಇರಾಕಿನ ಜೆರ್ವಾನ್‌ನಲ್ಲಿ ಈಗಲೂ ಇದೆ.

ಪ್ರಶ್ನೆ: ರೋಮನ್ ಕಾಂಕ್ರೀಟ್ 2000 ವರ್ಷ ಬಾಳುತ್ತದಂತೆ. ಅಳತೆ ಹೇಳಿ. ನಮ್ಮ ಮನೆಗೂ ಬಳಸಬಹುದೇ? (ಹುಬ್ಬಳ್ಳಿ)

ಉತ್ತರ: ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿ.ಪೂ. 1ನೇ ಶತಮಾನದಲ್ಲಿ ಕೊಟ್ಟ ಅಳತೆ ಇದು: ಅಗೆದು ತೆಗೆದ ಮರಳು 3 ಪಾಲಿಗೆ ಸುಣ್ಣ 1 ಪಾಲು. ಹೊಳೆ ಅಥವಾ ಕಡಲಿನ ಮರಳಾದರೆ 2ಕ್ಕೆ 1, ಅದಕ್ಕೆ ಮೂರನೇ ಒಂದು ಪಾಲು ಹೆಂಚಿನ ಪುಡಿ ಬೆರೆಸಿದರೆ ಇನ್ನೂ ಒಳ್ಳೆಯದು. ನೀರಿನೊಳಗಿನ ಕಟ್ಟಡಕ್ಕೆ ನೇಪಲ್ಸ್ ಸುತ್ತಲಿನ ಜ್ವಾಲಾಮುಖಿ ಬೂದಿ 2, ಸುಣ್ಣ 1.

ಹೆಂಚಿನ ಪುಡಿ ಎಂದೊಡನೆ ನಮ್ಮ ಹಿರಿಯ ಗಾರೆಯವರಿಗೆ ಗುರುತು ಸಿಗುತ್ತದೆ. ಅದೇ ಸುರ್ಕಿ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆಯೇ.

ರೋಮನ್ ಗಾರೆಯಲ್ಲಿ ಅಲ್ಲಲ್ಲಿ ಬಿಳಿ ಸುಣ್ಣದ ಗಂಟುಗಳಿವೆ. ಸರಿಯಾಗಿ ಕಲಸಿಲ್ಲ ಎಂದೇ ಮೊದಲು ತಿಳಿದಿದ್ದರು. ಅಮೆರಿಕದ ಎಂ.ಐ.ಟಿ. ಸಂಶೋಧಕರು 2023ರಲ್ಲಿ ಬೇರೆ ವಿವರಣೆ ಕೊಟ್ಟರು. ಅರಳಿಸದ ಸುಣ್ಣವನ್ನೇ ಹಾಕಿ ಬಿಸಿಯಾಗಿ ಕಲಸಿದರೆ ಈ ಗಂಟುಗಳು ಉಳಿಯುತ್ತವೆ. ಬಿರುಕಿಗೆ ನೀರು ಇಳಿದಾಗ ಗಂಟಿನ ಸುಣ್ಣ ಕರಗಿ, ಮತ್ತೆ ಹರಳುಗಟ್ಟಿ ಬಿರುಕು ಮುಚ್ಚುತ್ತದೆ. ಪ್ರಯೋಗದಲ್ಲಿ ಅರ್ಧ ಮಿಲಿಮೀಟರ್ ಬಿರುಕು 2 ವಾರದೊಳಗೆ ಮುಚ್ಚಿತು. ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಅರಳುವ ಸುಣ್ಣ ಕುದಿದು ಎರಚಿದರೆ ಕಣ್ಣು ಹೋಗುತ್ತದೆ.

ತಾರಸಿ, ತೊಲೆಗಳಿಗೆ ಇದು ಬೇಡ. ರೋಮನ್ನರು ಒಳಗೆ ಕಬ್ಬಿಣ ಹಾಕುತ್ತಿರಲಿಲ್ಲ, ಭಾರವನ್ನೆಲ್ಲ ಕಮಾನು, ಗುಮ್ಮಟಗಳ ಮೂಲಕ ಕೆಳಗಿಳಿಸುತ್ತಿದ್ದರು. ಪ್ಯಾಂಥಿಯಾನ್‌ನ 43.3 ಮೀಟರ್ ಅಗಲದ ಗುಮ್ಮಟ ಬುಡದಲ್ಲಿ 6 ಮೀಟರಿಗಿಂತ ದಪ್ಪ, ನೆತ್ತಿಯಲ್ಲಿ 1.2 ಮೀಟರ್. ಮೇಲಕ್ಕೆ ಹೋದಂತೆ ಜಲ್ಲಿಯೂ ಹಗುರ, ತುದಿಯಲ್ಲಿ ತೇಲುಗಲ್ಲು, ಅಂದರೆ ಜ್ವಾಲಾಮುಖಿಯ ಹಗುರ ಕಲ್ಲು.

ಹಳೆಯ ಮನೆಯ ಗೋಡೆಗೆ ಮಾತ್ರ ಸುಣ್ಣದ ಗಾರೆಯೇ ಸರಿ. ಸುಣ್ಣ ಅರಳಿಸಿ, ಜರಡಿ ಹಿಡಿದು, ನೀರಿನಡಿ ಕನಿಷ್ಠ 2–3 ವಾರ ಬಿಡಿ. ಆಮೇಲೆ ಸುಣ್ಣ, ಸುರ್ಕಿ, ದಪ್ಪ ಮರಳು ತಲಾ 1 ಪಾಲು. ಅವಸರ ಮಾಡಿದರೆ ಅರಳದ ಹರಳು ಗೋಡೆಯಲ್ಲಿ ಅರಳಿ ಚಕ್ಕೆ ಸಿಡಿಯುತ್ತದೆ. ಅತಿಯಾಗಿ ಬೆಂದ ಕರಿ ಇಟ್ಟಿಗೆಯ ಪುಡಿ ಸುಣ್ಣದೊಡನೆ ಕೂಡುವುದಿಲ್ಲ, ಹದವಾಗಿ ಬೆಂದದ್ದನ್ನೇ ಆರಿಸಿ. ಒದ್ದೆ ಗೋಣಿ ಕಟ್ಟಿ ನೆರಳಲ್ಲಿ ಒಣಗಲಿ. ಮೇಲೆ ಸಿಮೆಂಟ್ ಬಳಿಯಬೇಡಿ, ತೇವ ಒಳಗೇ ಸಿಕ್ಕಿಬಿದ್ದು ಎರಡೂ ಕಳಚಿ ಬರುತ್ತವೆ.

ಪ್ರಶ್ನೆ: ಪಾಂಪೆಯಲ್ಲಿ ಜನ ಕಲ್ಲಾಗಿದ್ದಾರಂತೆ, ನಿಜವೇ? ನಾವು ಹೋಗುವವರಿದ್ದೇವೆ, ಏನು ತಪ್ಪದೆ ನೋಡಬೇಕು? (ಮೈಸೂರು)

ಉತ್ತರ: ಯಾರೂ ಕಲ್ಲಾಗಿಲ್ಲ. ಕ್ರಿ.ಶ. 79ರಲ್ಲಿ ಪಕ್ಕದ ಜ್ವಾಲಾಮುಖಿ ವೆಸುವಿಯಸ್ ಸಿಡಿದಾಗ ಮೊದಲು ತೇಲುಗಲ್ಲಿನ ಚೂರುಗಳು ಸುರಿದವು, ಬಳಿಕ ಬಿಸಿ ಬೂದಿ ನುಗ್ಗಿತು. ನುಣ್ಣನೆ ಬೂದಿ ದೇಹಗಳ ಸುತ್ತ ಗಟ್ಟಿಯಾಯಿತು, ಒಳಗೆ ದೇಹ ಕರಗಿ ಪೊಳ್ಳು ಉಳಿಯಿತು. 1863ರಲ್ಲಿ ಪುರಾತತ್ತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಆ ಪೊಳ್ಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು, ಗಟ್ಟಿಯಾದ ಮೇಲೆ ಬೂದಿ ಬಿಡಿಸಿ ತೆಗೆದ. ಮೂಳೆಗಳು ಆ ಎರಕದೊಳಗೇ ಇವೆ. ಕೆಳಗಿನ ಚೂರುಗಲ್ಲಿನ ಪದರದಲ್ಲಿ ಸತ್ತವರ ಅಚ್ಚು ಸಿಗುವುದಿಲ್ಲ, ಆ ಪದರ ಆಕಾರ ಹಿಡಿದಿಡುವುದಿಲ್ಲ.

ದೊಡ್ಡ ಮನೆಗಳ ಚಿತ್ರಗಳನ್ನು ಎಲ್ಲರೂ ತೋರಿಸುತ್ತಾರೆ. ನೀವು ಬೀದಿಯನ್ನೂ ನೋಡಿ. ಅಡ್ಡಲಾಗಿ ನಿಲ್ಲಿಸಿದ ದಾಟುಗಲ್ಲುಗಳು, ಅವುಗಳ ನಡುವೆ ಗಾಡಿಯ ಗಾಲಿ ಕೊರೆದ ಜಾಡು. ಕಾಲುದಾರಿಯ ಅಂಚಿನಲ್ಲಿ ಸೀಸದ ಕೊಳವೆಗಳು: ತಗಡು ಮಡಚಿ ಬೆಸೆದ ಗೆರೆ ಮೇಲ್ಭಾಗದಲ್ಲಿ ಕಾಣುತ್ತದೆ. ಬೀದಿಯ ಕಾರಂಜಿಗಳಲ್ಲಿ ನೀರು ಹಿಡಿಯುವವರು ಕೈ ಊರಿ ಊರಿ ಕಲ್ಲಿನ ಅಂಚು ತಗ್ಗಾಗಿದೆ. ರೊಟ್ಟಿ ಅಂಗಡಿಗಳಲ್ಲಿ ಕತ್ತೆ ಕಟ್ಟಿ ತಿರುಗಿಸುತ್ತಿದ್ದ ಬೀಸುವ ಕಲ್ಲುಗಳಿವೆ. 1862ರಲ್ಲಿ ಒಂದು ಒಲೆಯೊಳಗೆ 81 ರೊಟ್ಟಿ ಇದ್ದಿಲಾಗಿ ಸಿಕ್ಕವು.

ನೇಪಲ್ಸ್‌ನಿಂದ ಸ್ಥಳೀಯ ರೈಲಿನಲ್ಲಿ ‘ಪೊಂಪೆಯಿ ಸ್ಕಾವಿ’ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಹೆಸರಿನಲ್ಲಿ ಕೊಡುತ್ತಾರೆ, ಮೊದಲೇ ತೆಗೆದಿಡಿ. ನೆರಳು ಕಡಿಮೆ, ಹಾಸುಗಲ್ಲು ಉಬ್ಬುತಗ್ಗು. ಚಪ್ಪಲಿ ಬೇಡ, ಶೂ ಹಾಕಿ. ನೇಪಲ್ಸ್‌ನ ಪುರಾತತ್ತ್ವ ಮ್ಯೂಸಿಯಮ್ಮಿಗೆ ಅರ್ಧ ದಿನ ಇಟ್ಟುಕೊಳ್ಳಿ. 1938ರಲ್ಲಿ ಪಾಂಪೆಯಲ್ಲಿ ಸಿಕ್ಕ, ಒಂದು ಗೇಣಿನಷ್ಟೆತ್ತರದ ಭಾರತದ ದಂತದ ಬೊಂಬೆ ಅಲ್ಲಿದೆ. ‘ಪಾಂಪೆ ಲಕ್ಷ್ಮಿ’ ಎನ್ನುತ್ತಾರೆ, ಯಕ್ಷಿ ಎನ್ನುವವರೂ ಇದ್ದಾರೆ. ಕೊರಳು, ಕೈ, ಕಾಲು ತುಂಬ ಒಡವೆ, ಇಕ್ಕೆಲದಲ್ಲಿ ಪುಟ್ಟ ಸೇವಕಿಯರು.

ಪ್ರಶ್ನೆ: ಹೊಲದಲ್ಲಿ ರೋಮನ್ ನಾಣ್ಯದಂಥದ್ದು ಸಿಕ್ಕಿದೆ. ಹುಣಸೆಹಣ್ಣಿನಲ್ಲಿ ತೊಳೆಯಬಹುದೇ? (ಚಿತ್ರದುರ್ಗ)

ಉತ್ತರ: ಬೇಡವೇ ಬೇಡ. ಹುಳಿ ತಾಗಿದರೆ ಮೇಲ್ಮೈಯ ಅಕ್ಷರ ಹೋಗುತ್ತದೆ. ನಿಮ್ಮ ಊರಿನ ಚಂದ್ರವಳ್ಳಿಯಲ್ಲೇ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಹಾಗಾಗಿ ನಿಮ್ಮದೂ ನಿಜವಾಗಿರಬಹುದು. ಆ ಕಾಲದ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಸುಮಾರು 18–19 ಮಿ.ಮೀ. ಅಗಲ, 4 ಗ್ರಾಮಿಗೆ ಸ್ವಲ್ಪ ಕಡಿಮೆ ತೂಕ. ಅಂಚಿನ ಸುತ್ತ ಎರಕದ ಗೆರೆ, ಮೇಲೆ ಸಣ್ಣ ಗುಳ್ಳೆಗುಳಿ ಕಂಡರೆ ನಕಲಿ ಎಂಬ ಅನುಮಾನ ಪಡಿ. ಅಸಲಿಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಒಣ ಕಾಗದದಲ್ಲಿ ಸುತ್ತಿಡಿ, ಸಿಕ್ಕ ಜಾಗ ಮತ್ತು ಆಳ ಬರೆದಿಟ್ಟುಕೊಳ್ಳಿ, ಇನ್ನಷ್ಟು ಅಗೆಯಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಅರ್ಜಿಯೊಂದಿಗೆ ನಾಣ್ಯದ ಎರಡೂ ಮುಖದ ಫೋಟೊ ಇಡಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ.