ಪಾಪರ್ ಚೀಟಿ ಮತ್ತು ಜಾಮೀನಿನ ಸಹಿ

ದಾವಣಗೆರೆಯ ಓದುಗರೊಬ್ಬರು, ಹೆಸರು ಪ್ರಕಟಿಸಬೇಡಿರೆಂದು ಕೋರಿ, ಮೂರು ಪುಟಗಳ ಪತ್ರ ಬರೆದಿದ್ದಾರೆ. ಹದಿನಾಲ್ಕು ವರ್ಷ ನಡೆಸಿದ ಬಟ್ಟೆ ಅಂಗಡಿ ಮುಚ್ಚಿದೆ. ಮನೆಯನ್ನು ಅಡಮಾನವಿಟ್ಟು ಪಡೆದ ಬ್ಯಾಂಕ್ ಸಾಲ, ಸಹಕಾರ ಸಂಘದ ಸಾಲ, ಕೈಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ಎಲ್ಲ ಸೇರಿ 48 ಲಕ್ಷ ರೂಪಾಯಿಯಾಗಿದೆ. "ಸೈಟನ್ನು ಹೆಂಡತಿಯ ಹೆಸರಿಗೆ ಮಾಡಿಸಿ ಪಾಪರ್ ಚೀಟಿ ತೆಗೆದುಕೊಂಡುಬಿಡು, ಅಲ್ಲಿಗೆ ಎಲ್ಲ ಮುಗಿಯಿತು" ಎಂದು ಗೆಳೆಯರು ಹೇಳಿದ್ದಾರಂತೆ. ದಿವಾಳಿಗೆ ಹೋದರೆ ಸಾಲ ವಸೂಲಿಗೆ 180 ದಿನಗಳ ತಡೆ ಸಿಗುತ್ತದೆಂದು ಅವರು ಓದಿಯೂ ಇದ್ದಾರೆ. ಗೆಳೆಯರು ಹೇಳಿದಂತೆ ಮಾಡಿದರೆ ಮುಂದೇನಾಗುತ್ತದೆ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನ್ಯಾಯಾಲಯದಲ್ಲಿ ದಿವಾಳಿಯೆಂದು ಘೋಷಿಸಿಕೊಳ್ಳುವುದನ್ನು ನಮ್ಮ ಕಡೆ ಪಾಪರ್ ಚೀಟಿ ಎನ್ನುತ್ತಾರೆ, ಬಳ್ಳಾರಿಯ ಕಡೆ ಐಪಿ (ಇನ್ಸಾಲ್ವೆನ್ಸಿ ಪಿಟಿಷನ್) ಹಾಕುವುದು ಎನ್ನುತ್ತಾರೆ. ನ್ಯಾಯಾಲಯದ ಹಳೆಯ ಭಾಷೆಯಲ್ಲಿ ಪಾಪರ್ ಎಂದರೆ ಕೋರ್ಟ್ ಶುಲ್ಕ ಕಟ್ಟಲಾಗದ ಬಡವ. ದಿವಾಳಿಗೂ ಆ ಪದಕ್ಕೂ ಸಂಬಂಧವಿಲ್ಲ. ಚೀಟಿ ಎಂಬುದಂತೂ ಇಲ್ಲವೇ ಇಲ್ಲ. ಇರುವುದು ಒಂದು ಅರ್ಜಿ, ವಿಚಾರಣೆ, ಆದೇಶ, ಮತ್ತು ಆ ಆದೇಶದಿಂದ ಬಿಡುಗಡೆ ಪಡೆಯುವವರೆಗಿನ ದೀರ್ಘ ಕಾಲ.

ನೀವು ಓದಿರುವ 180 ದಿನಗಳ ತಡೆಯ ಸಂಗತಿ 2016ರ ದಿವಾಳಿ ಸಂಹಿತೆಗೆ ಸೇರಿದ್ದು. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಖಾತರಿ ಕೊಟ್ಟವರ ಮಟ್ಟಿಗೆ ಮಾತ್ರ. ಸ್ವಂತ ಅಂಗಡಿ ನಡೆಸಿ ಸೋತವರಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 500 ರೂಪಾಯಿ ಸಾಲವಿದ್ದವನೂ ಅರ್ಜಿ ಹಾಕಬಹುದೆನ್ನುವ ಆ ಕಾಯ್ದೆ, ಬಿಡುಗಡೆಯ ಮಾತು ಬಂದಾಗ ರೂಪಾಯಿಗೆ ಎಂಟಾಣೆಯ ಲೆಕ್ಕ ಕೇಳುತ್ತದೆ: ಅಡಮಾನದಂಥ ಆಧಾರವಿಲ್ಲದ ಸಾಲಗಳ ಅರ್ಧದಷ್ಟಾದರೂ ಆಸ್ತಿ ಉಳಿದಿರದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡದ ಹೊರತು ಪೂರ್ಣ ಬಿಡುಗಡೆ ಸಿಗುವುದಿಲ್ಲ.

ಅರ್ಜಿಯಲ್ಲಿ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತವನ್ನೂ ನಿಮ್ಮ ಸಮಸ್ತ ಆಸ್ತಿಯ ವಿವರವನ್ನೂ ಬರೆಯಬೇಕು. ದಿವಾಳಿಯೆಂದು ಆದೇಶವಾದ ಕ್ಷಣದಿಂದ ಆ ಆಸ್ತಿ ನ್ಯಾಯಾಲಯದ ಅಥವಾ ಆಸ್ತಿಯನ್ನು ನೋಡಿಕೊಳ್ಳಲು ಅದು ನೇಮಿಸಿದ ರಿಸೀವರ್ ಅವರ ವಶಕ್ಕೆ ಹೋಗುತ್ತದೆ. ನಿಮ್ಮ ಹೆಸರು, ವಿಳಾಸಗಳು ರಾಜ್ಯಪತ್ರದಲ್ಲಿ ಅಚ್ಚಾಗುತ್ತವೆ. ವರದಿಗಾರನಾಗಿದ್ದ ದಿನಗಳಲ್ಲಿ ಇಂಥದೊಂದು ಪಟ್ಟಿ ತಯಾರಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದರ್ಜಿಯೊಬ್ಬರ ಮನೆಯಲ್ಲಿ ಗುಮಾಸ್ತರು ಬೀರು, ಫ್ಯಾನು, ಮಂಚ ಎಂದು ಬರೆಯುತ್ತ ಬಂದು ಹೊಲಿಗೆ ಯಂತ್ರವನ್ನೂ ಬರೆದರು; ವಕೀಲರು ಕಸುಬಿನ ಸಲಕರಣೆ ಜಪ್ತಿಗೆ ಬರುವುದಿಲ್ಲವೆಂದಾಗ ಆ ಸಾಲನ್ನೂ, ಹಾಸಿಗೆಗಳು ಬರುವುದಿಲ್ಲವೆಂದಾಗ ಇನ್ನೊಂದು ಸಾಲನ್ನೂ ಹೊಡೆದುಹಾಕಿದರು. ಅಡುಗೆ ಪಾತ್ರೆ, ಉಡುವ ಬಟ್ಟೆ, ಭವಿಷ್ಯ ನಿಧಿ, ಜೀವವಿಮೆಯ ಹಣ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಮಾಂಗಲ್ಯದಂಥ ಒಡವೆ ಇವೆಲ್ಲ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಡಿ ಉಳಿಯುತ್ತವೆ. ನಿಮ್ಮ ಮನೆ ಉಳಿಯುವುದಿಲ್ಲ. ಅಡಮಾನ ಹಿಡಿದ ಬ್ಯಾಂಕಿನ ಹಕ್ಕನ್ನು ದಿವಾಳಿ ಆದೇಶ ಮುಟ್ಟುವುದೇ ಇಲ್ಲ. 60 ದಿನಗಳ ನೋಟಿಸು ಕೊಟ್ಟು ಅದು ತನ್ನ ದಾರಿಯಲ್ಲಿ ಹರಾಜಿಗೆ ಹೋಗಬಹುದು.

ಇನ್ನು ಸೈಟಿನ ವಿಚಾರ. ದಾನಪತ್ರ ಮಾಡಿದ ಎರಡು ವರ್ಷಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಆದೇಶವಾದರೆ ನ್ಯಾಯಾಲಯ ಆ ಪತ್ರವನ್ನು ರದ್ದುಮಾಡಬಹುದು. ಸಾಲ ಕೊಟ್ಟವರಿಗೆ ಮೋಸ ಮಾಡಲು ಆಸ್ತಿ ಮರೆಮಾಚಿದ್ದೆಂದು ಸಾಬೀತಾದರೆ ಒಂದು ವರ್ಷದವರೆಗೆ ಸೆರೆವಾಸವೂ ಉಂಟು. ಸೋತ ವ್ಯಾಪಾರಿಯನ್ನು ಕಾನೂನು ಅಪರಾಧಿಯಂತೆ ನೋಡುವುದಿಲ್ಲ; ನಿಮ್ಮ ಗೆಳೆಯರ ಸಲಹೆ ನಿಮ್ಮನ್ನು ಅಪರಾಧಿಯನ್ನಾಗಿ ಮಾಡಬಲ್ಲದು. ಆ ದಾನಪತ್ರವನ್ನು ದಯವಿಟ್ಟು ನೋಂದಾಯಿಸಬೇಡಿ.

ಬಿಡುಗಡೆಯಾಗುವ ಮುನ್ನ ಪಿತ್ರಾರ್ಜಿತದ ಪಾಲು ಬಂದರೆ ಅದೂ ರಿಸೀವರ್ ಕೈಗೇ ಹೋಗುತ್ತದೆ. ದಿವಾಳಿಯೆಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೆ ಆರು ತಿಂಗಳವರೆಗೆ ಶಿಕ್ಷೆ. ಸ್ಥಳೀಯ ಸಂಸ್ಥೆ, ವಿಧಾನಸಭೆಗಳ ಸದಸ್ಯತ್ವ, ಕಂಪನಿಯ ನಿರ್ದೇಶಕ ಸ್ಥಾನ ಯಾವುದಕ್ಕೂ ಅರ್ಹತೆ ಇರುವುದಿಲ್ಲ. ಬಿಡುಗಡೆಯಾದ ಮೇಲೂ ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಜೀವನಾಂಶದ ಹೊಣೆ ಹೋಗುವುದಿಲ್ಲ. ಕೈಸಾಲಕ್ಕೆ ಕೊಟ್ಟ ಚೆಕ್ಕುಗಳು ಬೌನ್ಸ್ ಆದರೆ ಆ ಕ್ರಿಮಿನಲ್ ಪ್ರಕರಣ ಬೇರೆಯೇ ನಡೆಯುತ್ತದೆ. ಬಂಧನದಿಂದ ರಕ್ಷಣೆ ಸಿಗುತ್ತದೆಂಬುದು ನಿಜ. ಆದರೆ ತೀರಿಸುವ ಶಕ್ತಿಯೇ ಇಲ್ಲದವನನ್ನು ಡಿಕ್ರಿಯ, ಅಂದರೆ ಕಟ್ಟಬೇಕೆಂದು ನ್ಯಾಯಾಲಯ ತೀರ್ಪಿತ್ತ, ಹಣಕ್ಕಾಗಿ ಸೆರೆಗೆ ಹಾಕಲಾಗದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಇಷ್ಟನ್ನೂ ವಕೀಲರು ನಿಮಗೆ ಹೇಳುತ್ತಿದ್ದರು. ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಎರಡನೆಯ ಪುಟದ ಒಂದು ವಾಕ್ಯ: "ಸಂಘದ ಸಾಲಕ್ಕೆ ಭಾವಮೈದುನ ಜಾಮೀನು ಹಾಕಿದ್ದಾನೆ, ಪ್ರೌಢಶಾಲೆಯಲ್ಲಿ ಮೇಷ್ಟ್ರು." ಅಷ್ಟು ಬರೆದು ಮುಂದಕ್ಕೆ ಹೋಗಿದ್ದೀರಿ. 1872ರ ಕರಾರು ಕಾಯ್ದೆಯಂತೆ ಜಾಮೀನುದಾರರ ಹೊಣೆ ಸಾಲ ಪಡೆದವನ ಹೊಣೆಯಷ್ಟೇ ದೊಡ್ಡದು. ದಿವಾಳಿ ಕಾಯ್ದೆಯ 44ನೇ ಕಲಮು ನಿಮಗೆ ಬಿಡುಗಡೆ ಸಿಕ್ಕರೂ ಅವರಿಗೆ ಸಿಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ನೀವು ನ್ಯಾಯಾಲಯದ ಆಶ್ರಯಕ್ಕೆ ಹೋದೊಡನೆ ಸಂಘವು ತಿರುಗುವುದು ಅವರ ಕಡೆಗೇ, ಏಕೆಂದರೆ ತಿಂಗಳ ಸಂಬಳ ಬರುವವರು ಅವರೊಬ್ಬರೇ. ಡಿಕ್ರಿಯ ಮೇಲೆ ಸಂಬಳ ಜಪ್ತಿಯಾದರೆ ಮೊದಲ 1,000 ರೂಪಾಯಿಯನ್ನೂ ಮಿಕ್ಕದ್ದರ ಮೂರರಲ್ಲಿ ಎರಡು ಭಾಗವನ್ನೂ ಬಿಟ್ಟು ಉಳಿದದ್ದನ್ನು ಹಿಡಿಯಬಹುದು. 46,000 ರೂಪಾಯಿಯ ಸಂಬಳವೆಂದುಕೊಂಡರೆ ತಿಂಗಳಿಗೆ 15,000. ನಿಮ್ಮ ಮನೆಯವರು ತವರಿಗೆ ಹೋದಾಗ ಈ ಲೆಕ್ಕ ಆ ಮನೆಯ ನಡುಮನೆಯಲ್ಲಿ ಕೂತಿರುತ್ತದೆ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿದಂತಿಲ್ಲ. ಮನೆಗೆ 35 ಲಕ್ಷ, ಸೈಟಿಗೆ 20 ಲಕ್ಷ ಬೆಲೆಯಿದೆಯೆಂದು ನೀವೇ ಬರೆದಿದ್ದೀರಿ. ಒಟ್ಟು 55 ಲಕ್ಷ, ಸಾಲ 48. ಸಾಲ ತೀರಿಸಲಾಗದ ಸ್ಥಿತಿಯಲ್ಲಿದ್ದೇನೆಂದು ತೋರಿಸದವನ ಅರ್ಜಿ ವಜಾ ಆಗುತ್ತದೆ, ಮತ್ತು ಎದುರುಪಕ್ಷದ ವಕೀಲರು ಮೊದಲು ಎತ್ತುವುದೇ ಈ ಕೂಡುವ ಲೆಕ್ಕವನ್ನು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನಿಮಗೆ ಈಗ ಬೇಕಾದದ್ದು ದಿವಾಳಿಯಲ್ಲ, ಸೈಟಿನ ಬಹಿರಂಗ ಮಾರಾಟ. ಸಂಘದ ಸಾಲ ತೀರಿಸಿ, ಕೈಸಾಲದವರನ್ನು ಒಟ್ಟಿಗೆ ಕೂರಿಸಿ ಮಾತನಾಡಿ. ಬ್ಯಾಂಕು ಮತ್ತು ಕಾರ್ಡಿನವರೊಡನೆ ರಾಜಿಗೆ ಲೋಕ ಅದಾಲತ್ತನ್ನು ಕೇಳಿ. ರಾಜಿಯಾದ ಸಾಲ ಸಿಬಿಲ್ ವರದಿಯಲ್ಲಿ ಹಾಗೆಯೇ ದಾಖಲಾಗಿ ಕೆಲವು ವರ್ಷ ಹೊಸ ಸಾಲಕ್ಕೆ ಅಡ್ಡಬರುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸಂಘಕ್ಕೆ ಮಾತ್ರ ಕಟ್ಟಿ ಮೂರು ತಿಂಗಳೊಳಗೆ ದಿವಾಳಿ ಅರ್ಜಿ ಹಾಕುವ ಯೋಚನೆ ಬೇಡ. ಒಬ್ಬರಿಗೆ ಒಲವು ತೋರಿದ ಪಾವತಿಯೆಂದು ಅದನ್ನೂ ಅಸಿಂಧುಗೊಳಿಸಬಹುದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವಾಗ ಸೈಟಿನ ಪತ್ರ, ಬ್ಯಾಂಕಿನ ಲೆಕ್ಕ, ಚೆಕ್ಕು ಕೊಟ್ಟವರ ಪಟ್ಟಿ ಒಯ್ಯಿರಿ. ಅದಕ್ಕೂ ಮುಂಚೆ ಸಂಘದಲ್ಲಿ ಇಂದಿನವರೆಗಿನ ಬಡ್ಡಿ ಸೇರಿಸಿ ಬಾಕಿಯ ಚೀಟಿ ಬರೆಸಿಕೊಂಡು ಭಾನುವಾರ ಮೇಷ್ಟ್ರ ಮನೆಗೆ ಹೋಗಿ ಅವರ ಮುಂದಿಡಿ. ಅಂಗಡಿ ಮುಚ್ಚಿದ್ದು ಅವರಿಗೆ ಇನ್ನೂ ಗೊತ್ತಿಲ್ಲವೆಂದು ನೀವು ಬರೆದಿದ್ದೀರಿ.