ಒಂದೇ ಮಾತ್ರೆ ಸಾಕೇ?

ಪ್ರಶ್ನೆ: ನನಗೆ 32 ವರ್ಷ. ಎಚ್‌ಐವಿ ಇರುವುದು ಕಳೆದ ತಿಂಗಳು ತಿಳಿಯಿತು. ಜಿಲ್ಲಾ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಟಿಎಲ್‌ಡಿ ಎಂಬ ಮಾತ್ರೆಯನ್ನು ದಿನಕ್ಕೊಂದರಂತೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಕಾಯಿಲೆಗೆ ಒಂದೇ ಮಾತ್ರೆ ಸಾಕೇ? ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ನುಂಗುತ್ತಿದ್ದೇನೆ. ಆರೋಗ್ಯವಾಗಿಯೇ ಇರುವುದರಿಂದ ಚಿಕಿತ್ಸೆಯನ್ನು ಸ್ವಲ್ಪ ಕಾಲ ಮುಂದೂಡಬಹುದೇ?
– ಹೆಸರು, ಊರು ಬೇಡ

ಉತ್ತರ: ಮಾತ್ರೆ ಒಂದೇ ಆದರೂ ಅದರೊಳಗಿನ ಔಷಧಗಳು ಮೂರು: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ ಮತ್ತು ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಮೊದಲಿನ ಎರಡು, ವೈರಸ್ ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಮಾರ್ಪಡಿಸಿಕೊಳ್ಳುವುದನ್ನು ತಡೆಯುತ್ತವೆ; ಮೂರನೆಯದು, ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಯೊಳಗೆ ಸೇರಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಒಂದೇ ಔಷಧ ಕೊಟ್ಟರೆ ವೈರಸ್ ಬೇಗನೆ ರೂಪ ಬದಲಿಸಿಕೊಂಡು ಅದಕ್ಕೆ ಬಗ್ಗದಂತಾಗುತ್ತದೆ ಎಂಬ ಕಾರಣಕ್ಕೇ ಈ ಜೋಡಣೆ.

ಕಬ್ಬಿಣಾಂಶದ ಮಾತ್ರೆಯ ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಅನೇಕರು ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ಆದ್ದರಿಂದ ಟಿಎಲ್‌ಡಿಯನ್ನು ಕಬ್ಬಿಣಾಂಶದ ಮಾತ್ರೆಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು. ಬೆಳಿಗ್ಗೆ ಎಂಟಕ್ಕೆ ಟಿಎಲ್‌ಡಿ, ಮಧ್ಯಾಹ್ನದ ಊಟದ ನಂತರ ಕಬ್ಬಿಣಾಂಶ ಎಂದು ಇಟ್ಟುಕೊಂಡರೆ ಗೊಂದಲವಿರುವುದಿಲ್ಲ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಸಿಡಿಟಿ ಔಷಧಗಳಿಗೂ ಇದೇ ಅಂತರ ಬೇಕು.

ದಯವಿಟ್ಟು ಮುಂದೂಡಬೇಡಿ. ಮೊದಲು ರಕ್ತದಲ್ಲಿನ ಸಿಡಿ4 ಎಂಬ ರೋಗನಿರೋಧಕ ಕೋಶಗಳ ಸಂಖ್ಯೆ ಇಳಿಯುವವರೆಗೆ ಕಾಯುವ ಪದ್ಧತಿಯಿತ್ತು. 2017ರಿಂದ ನಮ್ಮ ದೇಶದಲ್ಲಿ ಆ ಸಂಖ್ಯೆ ಎಷ್ಟೇ ಇರಲಿ, ಸೋಂಕಿರುವ ಎಲ್ಲರಿಗೂ ಚಿಕಿತ್ಸೆ ಆರಂಭಿಸಲಾಗುತ್ತಿದೆ. ಆದರೆ ಕೆಮ್ಮು, ಜ್ವರ, ತೂಕ ಇಳಿಕೆ ಇದ್ದರೆ ಮುಚ್ಚಿಡದೆ ಹೇಳಿ. ಕ್ಷಯವಿದ್ದಲ್ಲಿ ಮೊದಲು ಅದರ ಚಿಕಿತ್ಸೆ ಆರಂಭವಾಗಬೇಕು, ಮತ್ತು ಕ್ಷಯದ ಔಷಧವಾದ ರಿಫಾಂಪಿಸಿನ್ ಜೊತೆಗೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ಹನ್ನೆರಡು ಗಂಟೆಗಳ ಬಳಿಕ ಇನ್ನೊಮ್ಮೆ ಕೊಡಬೇಕಾಗುತ್ತದೆ. ಟೆನೊಫೊವಿರ್ ಕೆಲವರಲ್ಲಿ ಮೂತ್ರಪಿಂಡಕ್ಕೆ ತೊಂದರೆ ಕೊಡುವುದರಿಂದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ತಪ್ಪಿಸಬೇಡಿ.

ಮೊದಲ ಕೆಲವು ವಾರ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಕಾಣಿಸಬಹುದು. ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ತಲೆಸುತ್ತು, ಕೆಟ್ಟ ಕನಸುಗಳ ಬಗ್ಗೆ ಹಿಂದೆ ಚಿಕಿತ್ಸೆ ಪಡೆದವರು ಹೇಳಿದರೆ ಹೆದರಬೇಡಿ. ಅದು ಹೆಚ್ಚಾಗಿ ಆಗ ಕೊಡುತ್ತಿದ್ದ ಎಫಾವಿರೆನ್ಜ್‌ನ ಪರಿಣಾಮ.

ಆರು ತಿಂಗಳಿಗೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ಪರೀಕ್ಷೆ ಮಾಡುತ್ತಾರೆ. ದಿನವೂ ಮಾತ್ರೆ ನುಂಗಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಮುಂದಿನ ಭೇಟಿಗೆ ಹೋಗುವಾಗ ನೀವು ಸೇವಿಸುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.